ಉಳ್ಳಾಗಡ್ಡಿ ನ್ಯೂಟ್ರಲ್ಲು

ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಯಾರ ಮನೆಗೆ ಹೋದರೂ ಮೊದಲು ಕ್ಷೇಮ ಕೇಳುತ್ತಿದ್ದದ್ದು ಮನೆಯವರದ್ದಲ್ಲ, ಗೋಡೆಯದ್ದು! ಚಪ್ಪಲಿ ಬಿಟ್ಟು ಒಳಗೆ ಬಂದವರೇ ಪ್ಲಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಚೀಲದಿಂದ ಮೀಟರು ತೆಗೆದು, ಅದರ ಎರಡು ಕಡ್ಡಿ ಚುಚ್ಚುತ್ತಿದ್ದರು. ಮುಳ್ಳು ಮೇಲೆದ್ದು ನಿಂತ ಮೇಲೆಯೇ "ಎಲ್ಲಾರೂ ಆರಾಮೇನ್ರಿ?" ಎನ್ನುವುದು. ಕರೆಂಟು ಇಲ್ಲದ ಹೊತ್ತಿನಲ್ಲಿ ಹೋದರೆ? ಆ ಮನೆಯವರು ಆರಾಮ ಇದ್ದಾರೋ ಇಲ್ಲವೋ ತಿಳಿಯದೆಯೇ ಎದ್ದು ಬಂದದ್ದೂ ಉಂಟು.

ಅವರೇನು ಲೈನ್‌ಮನ್ ಅಲ್ಲ, ಮಕ್ಕಳೇ. ಲಕ್ಷ್ಮೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಲಂಗದ ಬಟ್ಟೆ ಅಳೆಯುವಾಗ ನಾಲ್ಕು ಬೆರಳು ಹೆಚ್ಚು ಹೋಯಿತೋ ಕಡಿಮೆ ಹೋಯಿತೋ ನೋಡದ ಮನುಷ್ಯ, ವೋಲ್ಟು ಇಳಿದರೆ ಊಟ ಬಿಡುತ್ತಿದ್ದರು. ಗದಗ ಪ್ರತ್ಯೇಕ ಜಿಲ್ಲೆಯಾಯಿತೆಂದು ಪೇಟೆಯಲ್ಲಿ ಪೇಡೆ ಹಂಚುತ್ತಿದ್ದಾಗ ಇವರು ಅಂಗಡಿಯ ಪ್ಲಗ್ಗಿಗೆ ಮೀಟರು ಹಚ್ಚಿ ಕುಳಿತಿದ್ದರಂತೆ. "ಧಾರವಾಡ ಜಿಲ್ಲಾ ಇದ್ದಾಗೂ ಇನ್ನೂರಾ ಹತ್ತು, ಗದಗ ಜಿಲ್ಲಾ ಆದಮ್ಯಾಲೂ ಇನ್ನೂರಾ ಹತ್ತ! ಮತ್ತ ಪೇಡೆ ಯಾಕ?" ಎಂದರಂತೆ. ಹಾಗೆಂದು ಪೇಡೆ ಬಿಟ್ಟರೆಂದು ತಿಳಿಯಬೇಡಿ. ಎರಡು ತಿಂದರು!

ಮುಂಡರಗಿಗೆ ಅವರ ಅಕ್ಕನ ಮಗನಿಗೆ ಕನ್ಯೆ ನೋಡಲು ಹೋಗಿದ್ದೆವು. ಹುಡುಗಿ ಚಹಾ ತಂದರೆ ಇವರ ಬೆನ್ನು ಮಾತ್ರ ಕಾಣುತ್ತಿದೆ. ಹುಡುಗಿಯ ತಾಯಿಗೆ ತಡೆಯಲಾಗಲಿಲ್ಲ.

"ನೀವು ಕನ್ಯಾ ನೋಡಾಕ ಬಂದೀರೋ, ಬೋರ್ಡು ನೋಡಾಕ ಬಂದೀರೋ?"

"ಕನ್ಯಾ ಒಮ್ಮಿ ನೋಡಿದ್ರ ಆತ್ರಿ ಯವ್ವಾ. ಬೋರ್ಡು ದಿನಾ ಬ್ಯಾರೆ ತೋರಸ್ತೈತಿ!"

ಹುಡುಗಿ ತಟ್ಟೆ ಹಿಡಿದುಕೊಂಡೇ ಹೋ ಎಂದು ನಕ್ಕುಬಿಟ್ಟಳು. ನಾವೆಲ್ಲ ಗಾಬರಿ. ಇವರು ಮಾತ್ರ ತಿರುಗಿ ನೋಡಿ, "ವೋಲ್ಟೇಜ್ ಚಲೋ ಐತಿ, ಮಾಡ್ಕೊಳ್ರಿ" ಎಂದು ಅಲ್ಲೇ ಸಂಬಂಧ ಒಪ್ಪಿಬಿಟ್ಟರು!

ನಿಮ್ಮಜ್ಜ ತೀರಿಕೊಂಡಾಗ ನನಗೆ ಉಳಿದದ್ದು ಬೆಳ್ಳಟ್ಟಿಯ ಹಿಟ್ಟಿನ ಗಿರಣಿ. ಅದು ತಿರುಗಿದರೆ ನಮ್ಮ ಒಲೆ, ನಿಮ್ಮಪ್ಪನ ಶಾಲೆ. ನಿಂತರೆ ಮತ್ತೊಬ್ಬರ ಮನೆಯ ಮೂಲೆ. ನಾನೋ, ಜೋಳ ತಂದ ಗಂಡಸರಿಗೆ "ಸಣ್ಣಗ ಬೇಕೋ, ದಪ್ಪಗ ಬೇಕೋ" ಎಂದು ಕೇಳಲೂ ಬಾಗಿಲ ಮರೆಗೆ ಸರಿಯುವವಳು. ಆಗ ಮೈದುನ ವಾರಕ್ಕೊಮ್ಮೆ ಬಸ್ಸು ಹತ್ತಿ ಬರತೊಡಗಿದರು. ಊಟಕ್ಕೆ ಕುಳಿತಲ್ಲೇ ಪಾಠ. ತಾಟಿನಲ್ಲಿ ಮೂರು ಮೆಣಸಿನಕಾಯಿಗಳನ್ನು ಮೂರು ದಿಕ್ಕಿಗಿಟ್ಟು, ನಡುವೆ ಒಂದು ಉಳ್ಳಾಗಡ್ಡಿ ಇಡುತ್ತಿದ್ದರು.

"ವೈನಿ, ಮೆಣಸಿನಕಾಯಿ ಅಂದ್ರ ಫೇಸು. ಉಳ್ಳಾಗಡ್ಡಿ ನ್ಯೂಟ್ರಲ್ಲು. ಮೆಣಸಿನಕಾಯಿಂದ ಉಳ್ಳಾಗಡ್ಡಿಗಿ ಹಿಡದ್ರ ಇನ್ನೂರಾ ಮೂವತ್ತು. ಮೆಣಸಿನಕಾಯಿಂದ ಮೆಣಸಿನಕಾಯಿಗಿ ನಾಕನೂರು. ಹಂಗ ಬಂದ್ರ ಖರೆ ತ್ರೀ ಫೇಸು, ನಾಕು ವಾಯರಿಂದು. ತಿಳೀತಿಲ್ಲೊ?"

ತಿಳಿಯಿತೆನ್ನುವಷ್ಟರಲ್ಲಿ ನ್ಯೂಟ್ರಲ್ಲನ್ನು ಕಡಿದು ತಿಂದಿರುತ್ತಿದ್ದರು!

ಒಂದು ಮುಂಜಾನೆ ತ್ರೀ ಫೇಸ್ ಬಂದಿತ್ತು, ಹೆಂಗಸರು ಜೋಳದ ಬುಟ್ಟಿ ಇಳಿಸಿ ಕಾಯುತ್ತಿದ್ದರು. ಮೋಟರು ಗುಂಯ್ ಎಂದದ್ದು ಅಲ್ಲೇ ನಿಂತಿತು. ನಿಮ್ಮ ಅಜ್ಜನ ಅಣ್ಣ, ನಮ್ಮ ಭಾವನವರು, ಮೋಟರಿನ ಸ್ವಿಚ್ಚು ಹಾಕಿಟ್ಟೇ ಒಂದೊಂದು ವಾಯರಿಗೂ ಟೆಸ್ಟರು ಮುಟ್ಟಿಸಿದರು. ಮೂರಕ್ಕೂ ದೀಪ ಹತ್ತಿತು.

"ಕರೆಂಟ್ ಮೂರಕ್ಕೂ ಐತಿ. ಮೋಟರ್ ಸುಟ್ಟೈತಿ. ಗಿರಣಿ ಮಾರಿಬಿಡೂನು ನೋಡವಾ. ನಿನ್ನಂಥಾಕಿಗೆ ಯಾಕ ಈ ತ್ರಾಸು? ನಮ್ಮನ್ಯಾಗ ಬಂದಿರು" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಕಾಳಜಿಯಿಂದಲೇ. ಆದರೆ ಆ ಕಾಳಜಿ ಎಷ್ಟು ಜಲ್ದಿ ಎಂದರೆ, ಕೊಳ್ಳುವವರು ಆಗಲೇ ಬಾಗಿಲಲ್ಲಿದ್ದರು! ಬೇಡವೆನ್ನಬೇಕೆಂದವಳು ಜೋಳದ ಬುಟ್ಟಿಗಳ ಹಿಂದೆ ಸರಿದು ನಿಂತೆ.

ನಮ್ಮ ಪುಣ್ಯಕ್ಕೆ ಅದು ಮೈದುನ ಬರುವ ದಿನ. ಅಷ್ಟರಲ್ಲೇ ಬಸ್ಸಿಳಿದು ಬಂದವರು ಸಂಗತಿ ಕೇಳಿ ಮೊದಲು ಮೋಟರಿನ ಸ್ವಿಚ್ಚು ಬಂದ್ ಮಾಡಿಸಿದರು.

"ಅಣ್ಣಾ, ಮೋಟರ್ ಚಾಲೂ ಇದ್ರ ಅದರ ಸುರುಳ್ಯಾಗಿಂದ ಹಾದು ಸತ್ತ ವಾಯರಿಗೂ ಕರೆಂಟ್ ಬರತೈತಿ. ಟೆಸ್ಟರ್ ಏನ್ ಮಾಡತೈತಿ ಪಾಪ!" ಎಂದು ಎರಡು ಕಡ್ಡಿಗಳನ್ನು ಎರಡು ವಾಯರಿಗೆ ತಾವು ಹಿಡಿದು, ಮೀಟರನ್ನು ನನ್ನ ಕೈಗೆ ಕೊಟ್ಟರು. "ವೈನಿ, ಮುಳ್ಳು ನೋಡಿ ಹೇಳ್ರಿ."

ಅಷ್ಟು ಗಂಡಸರ ಮುಂದೆ! "ನಾಕನೂರು" ಎಂದೆ.

"ಬೆಕ್ಕು ಮಾತಾಡಿಧಂಗ ಆತು. ಗಟ್ಟಿ ಹೇಳ್ರಿ!"

"ನಾಕನೂರು!"

ಎರಡನೆಯ ಜೋಡಿ ಹಿಡಿದರು. ಇನ್ನೂರಾ ಮೂವತ್ತು. ಇನ್ನೊಂದು ಜೋಡಿ. ಅದೂ ಇನ್ನೂರಾ ಮೂವತ್ತೇ.

"ಹಂಗಂದ್ರ ಏನಾತು?"

ಕೊಳ್ಳುವವರು ನನ್ನನ್ನೇ ನೋಡುತ್ತಿದ್ದರು. ಈಗ ಹೇಳದಿದ್ದರೆ ಗಿರಣಿ ಹೋಯಿತು ಎನಿಸಿ ಕೂಗಿಬಿಟ್ಟೆ: "ಮೂರನೇದು ಮೆಣಸಿನಕಾಯಿ ಅಲ್ಲ, ಉಳ್ಳಾಗಡ್ಡಿ!"

ಭಾವನವರು ಗಾಬರಿಯಾದರು. "ಯಾಕವಾ, ತೆಲಿ ಗಿಲಿ ತಿರಗತೈತೇನು?"

"ಬರೋಬ್ಬರಿ ಹೇಳ್ಯಾರ" ಎಂದರು ಮೈದುನ. "ಮೂರನೇ ಫ್ಯೂಜು ಹೋಗೈತಿ. ಆ ವಾಯರು ಗಿರಣಿ ಬಲ್ಬಿನೊಳಗಿಂದ ನ್ಯೂಟ್ರಲ್ಲಿನ ಕೈ ಹಿಡಕೊಂಡು ಕುಂತೈತಿ. ಮೋಟರಿಗೆ ಏನೂ ಆಗಿಲ್ಲ."

ಮೇನ್ ಸ್ವಿಚ್ಚು ಇಳಿಸಿದರು. ಅದೋ ಹಳೆಯದು, ಹಿಡಿಕೆ ಇಳಿದರೂ ಒಳಗೆ ಒಮ್ಮೊಮ್ಮೆ ಕಚ್ಚಿಕೊಂಡೇ ಇರುವ ಜಾತಿ. ಫ್ಯೂಜಿನ ತಲೆಗೆ ಕಡ್ಡಿ ಮುಟ್ಟಿಸಿ ಕೇಳಿದರು, "ಈಗ?"

"ಸೊನ್ನಿ."

ಒಂದೊಂದನ್ನೂ ಮುಟ್ಟಿಸಿ ಕೇಳಿದರು. ಎಲ್ಲಕ್ಕೂ ಸೊನ್ನೆ. ಬರಿಗೈ ಹಾಕಿದರು, ತಡವಿ ತಡವಿ ಹೊಸ ತಂತಿ ಕಟ್ಟಿದರು. ಸ್ವಿಚ್ಚು ಹಾಕಿದರೆ ಮೋಟರು ತಿರುಗಿಯೇ ತಿರುಗಿತು! ಭಾವನವರು ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡು, "ಇದು ಗಿರಣಿನೋ, ಅಡಗಿ ಮನಿನೋ!" ಎಂದು ನಕ್ಕು, ಕೊಳ್ಳುವವರನ್ನು ಕರೆದುಕೊಂಡು ಹೊರಟರು.

ಬುಟ್ಟಿಗಳೆಲ್ಲ ಖಾಲಿಯಾಗಿ ಹೆಂಗಸರು ಹೋದ ಮೇಲೆ ಮೈದುನನ ಮೇಲೆ ಸಿಟ್ಟು ಬಂತು. "ಮುಳ್ಳು ನೀವ ನೋಡಬಹುದಾಗಿತ್ತಲ್ಲ? ಎಲ್ಲಾರ ಮುಂದ ನನ್ನ ಯಾಕ ನಿಲ್ಲಿಸಿದ್ರಿ?"

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. ಒರೆಸುತ್ತಲೇ ಇದ್ದರು.

"ಕಣ್ಣಿಗೆ ಪೊರಿ ಬಂದೈತ್ರಿ ವೈನಿ. ಮುಳ್ಳು ಕಾಣೂದು ಬಿಟ್ಟು ಭಾಳ ದಿನಾತು."

ನಾನು ಆ ಹಳೆಯ ಮೇನ್ ಸ್ವಿಚ್ಚಿನ ಕಡೆ ನೋಡಿದೆ. "ಮತ್ತ, ಫ್ಯೂಜಿಗೆ ಕೈ ಹಾಕಿದ್ರಲ್ಲ!"

"ನೀವು ಸೊನ್ನಿ ಅಂದ್ರಲ್ಲ."