ಮೊದಲ ಸೂಜಿಗೆ ಕೂತವರು

ಮೊದಲ ಸಲ ಟ್ಯಾಟೂ ಹಾಕಿಸಿಕೊಳ್ಳಲು ಬಂದವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ನಾನು ಏಳು ವರ್ಷ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಷಿನ್‌ಗಳ ನೇಮ್‌ಪ್ಲೇಟ್ ಕೆತ್ತುತ್ತಿದ್ದವಳು. ಎಷ್ಟು ಕೆತ್ತಿದರೂ ಸ್ಟೀಲು ಒಂದು ದಿನವೂ "ಇನ್ನೂ ಎಷ್ಟೊತ್ತು ಮೇಡಂ" ಅಂತ ಕೇಳಲಿಲ್ಲ. ಈಗ ಮಾಕಳಿಯಲ್ಲಿ, ಒಂದು ಬೇಕರಿಯ ಮೇಲಿನ ರೂಮಿನಲ್ಲಿ, ಮನುಷ್ಯರ ಮೇಲೆ ಕೆಲಸ ಮಾಡ್ತೀನಿ. ಮನುಷ್ಯರು ಕೇಳುತ್ತಾರೆ, ಬೆವರುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಕೇಳುತ್ತಾರೆ. ಅಷ್ಟಾದ ಮೇಲೂ ಕೈ ಚಾಚುತ್ತಾರಲ್ಲ, ಅದನ್ನು ನೋಡಿದರೆ ನನಗೆ ಇವತ್ತಿಗೂ ಬೆರಗು.

ನವಿಲುಗರಿ

ನನ್ನ ಸೂಜಿಗೆ ಮೊಟ್ಟಮೊದಲು ಕೂತವಳು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಗೆಳತಿ. ಅಲ್ಲಿಯವರೆಗೆ ನಾನು ಅಭ್ಯಾಸ ಮಾಡಿದ್ದು ರಬ್ಬರ್ ಹಾಳೆಯ ಮೇಲೆ ಮಾತ್ರ. ಯಾರೂ ಕೈ ಕೊಡಲು ಒಪ್ಪಿರಲಿಲ್ಲ. ಅವಳೇ ಒಂದು ಭಾನುವಾರ ಬಂದು, "ಮಣಿಕಟ್ಟಿನ ಮೇಲೆ ನವಿಲುಗರಿ ಹಾಕು" ಅಂತ ಕೂತಳು.

ಅವಳ ಎದುರಿಗೇ ಹೊಸ ಸೂಜಿಯ ಪೊಟ್ಟಣ ಒಡೆದೆ, ಕೈಗೆ ಗ್ಲೌಸ್ ಹಾಕಿಕೊಂಡೆ. ಮಷಿನ್ ಗುಂಯ್ ಅಂದಿತು. ಮೊದಲ ಸಲದವರಿಗೆ "ನಿಧಾನ ಉಸಿರು ಬಿಡಿ" ಅಂತ ಧೈರ್ಯ ಹೇಳಬೇಕಾದವಳು ನಾನು. ಹೇಳಿದವಳು ಅವಳು.

"ಉಸಿರು ಬಿಡೇ. ಸೂಜಿ ಇನ್ನೂ ಗಾಳೀಲೇ ಇದೆ."

"ನಿಂಗೆ ಹೆದರಿಕೆ ಆಗ್ತಿಲ್ವಾ?"

"ಇಬ್ಬರೂ ಹೆದರಿಕೊಂಡ್ರೆ ಕೆಲಸ ಮಾಡೋರು ಯಾರು?"

ಮುಗಿದಾಗ ನೋಡಿದರೆ ನವಿಲುಗರಿ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಡೊಂಕಾಗಿ ಕೂತಿತ್ತು. ನನಗೆ ಅಳು ಬಂತು. ಅವಳು ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಮೆಣಸಿನಕಾಯಿ ಅಂತಾನೇ ಹೇಳ್ತೀನಿ ಬಿಡು" ಅಂದಳು. ಬಾಯಿಮಾತಿಗೆ ಅಂದದ್ದಲ್ಲ, ಕಾರ್ಖಾನೆಯ ತುಂಬ ಹಾಗೇ ಹೇಳಿಕೊಂಡು ಬಂದಳು. ಮೂರನೇ ತಿಂಗಳು ಪ್ಯಾಕಿಂಗ್ ವಿಭಾಗದಿಂದಲೇ ಇಬ್ಬರು ಬಂದು, "ಅವಳಿಗೆ ಹಾಕಿದೀರಲ್ಲ, ಅದೇ ಮೆಣಸಿನಕಾಯಿ ನಮಗೂ ಬೇಕು" ಅಂದರು. ಅಷ್ಟರಲ್ಲಿ ನನ್ನ ಕೈ ಪಳಗಿತ್ತು. ಎಷ್ಟು ಪ್ರಯತ್ನಪಟ್ಟರೂ ನವಿಲುಗರಿಯೇ ಬರುತ್ತಿತ್ತು.

ಎಂಟನೇ ದಿನ

ಇನ್ನೊಬ್ಬರು ಪೀಣ್ಯದ ಕ್ವಾಲಿಟಿ ಇನ್‌ಸ್ಪೆಕ್ಟರ್. ಮಷಿನ್ ಭಾಗಗಳ ಅಳತೆ ನೋಡಿ ಪಾಸು, ಫೇಲು ಬರೆಯುವುದು ಅವರ ಕೆಲಸ. ಮುಂಗೈ ಸುತ್ತ ಒಂದು ಕಪ್ಪು ಪಟ್ಟಿ ಬೇಕು ಅಂದರು. ಮೊದಲು ಚಿತ್ರದ ಅಚ್ಚನ್ನು ಚರ್ಮದ ಮೇಲೆ ಒತ್ತಿ ತೋರಿಸುತ್ತೇನೆ, ಗಿರಾಕಿ ಒಪ್ಪಿದ ಮೇಲೇ ಸೂಜಿ. ಅಚ್ಚು ಒತ್ತಿದ ಕೂಡಲೇ ಅವರು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಪಟ್ಟಿಯ ಅಗಲವನ್ನು ನಾಲ್ಕು ಕಡೆ ಅಳೆದರು.

"ಒಂದು ಕಡೆ ಅರ್ಧ ಎಂಎಂ ಜಾಸ್ತಿ ಇದೆ ಮೇಡಂ."

ಅಳಿಸಿ ಮತ್ತೆ ಒತ್ತಿದೆ. ಈಗ ಇನ್ನೊಂದು ಕಡೆ ಜಾಸ್ತಿ. ಮೂರನೇ ಸಲ ನಾನೇ ಹೇಳಿದೆ: "ಸಾರ್, ಇದು ಚರ್ಮ. ಕೈ ತಿರುಗಿಸಿದ್ರೆ ಅದೂ ಎಳೆದುಕೊಳ್ಳುತ್ತೆ."

ಅವರು ಕೈ ತಿರುಗಿಸಿ, ಅಳೆದು, ಮತ್ತೆ ತಿರುಗಿಸಿ, ಅಳೆದು ಯೋಚಿಸಿದರು. "ಸರಿ. ಪಾರ್ಟೇ ಅಲ್ಲಾಡುತ್ತೆ ಅಂದ್ರೆ ನಾವು ಸ್ವಲ್ಪ ಬಿಟ್ಟುಕೊಡಬೇಕಾಗುತ್ತೆ" ಅಂತ ವರ್ನಿಯರ್ ಒಳಗಿಟ್ಟರು.

ಆಮೇಲೆ ಎರಡು ಗಂಟೆ ಆ ಮನುಷ್ಯ ಬೆರಳು ಅಲ್ಲಾಡಿಸಲಿಲ್ಲ. ಮಣಿಕಟ್ಟಿನ ಒಳಗಡೆ ಸೂಜಿ ತಾಗಿದಾಗ ಎಂಥವರೂ ಒಮ್ಮೆ ಕೈ ಎಳೆದುಕೊಳ್ಳುತ್ತಾರೆ. ಇವರು ಅದನ್ನೂ ಮಾಡಲಿಲ್ಲ. ನನಗೇ ತಡೆಯದೆ, "ನೋವಾಗ್ತಿದ್ಯಾ ಸಾರ್?" ಅಂದೆ.

"ಆಗ್ತಿದೆ ಮೇಡಂ. ಆದ್ರೆ ಒಂದೇ ಸಮ ಆಗ್ತಿದೆ, ಹೆಚ್ಚು ಕಡಿಮೆ ಇಲ್ಲ. ಒಳ್ಳೇ ಕೆಲಸ."

ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಹೊಗಳಿಕೆಗಳಲ್ಲಿ ದೊಡ್ಡದು ಅದೇ. ಹೋಗುವಾಗ, ಮೂರು ದಿನ ಊತ ಇರುತ್ತೆ, ಬಿಸಿಲು ತಾಗಿಸಬೇಡಿ, ಏಳು ದಿನಕ್ಕೆ ಸಿಪ್ಪೆ ಏಳುತ್ತೆ, ಕೀಳಬೇಡಿ ಅಂತ ಹೇಳಿ ಕಳಿಸಿದೆ. ಮುಂದಿನ ವಾರ ಫೋನ್ ಬಂತು.

"ಮೇಡಂ, ಏಳನೇ ದಿನ ಸಿಪ್ಪೆ ಏಳುತ್ತೆ ಅಂದಿದ್ರಿ. ಇವತ್ತು ಎಂಟು. ಇನ್ನೂ ಎದ್ದಿಲ್ಲ. ಇದು ನಿಮ್ಮ ಕಡೆಯಿಂದ ಲೇಟಾ, ನನ್ನ ಚರ್ಮದ ಕಡೆಯಿಂದ ಲೇಟಾ?"

ಅವರಿಗೆ ಕೊಟ್ಟಿದ್ದೇ ಕೊಡಿ

ಯಾದಗಿರಿ ಕಡೆಯ ಒಬ್ಬ ಹೆಂಗಸು ಇಲ್ಲೇ ಹತ್ತಿರದ ಕಟ್ಟಡದಲ್ಲಿ ಕಾಂಕ್ರೀಟ್ ಹೊರುತ್ತಿದ್ದಳು. ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಓದುತ್ತಿದ್ದಾಳೆ. ಒಂದು ರಜೆಯ ದಿನ, ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ಕಿನ ಹಾಳೆ ಹಿಡಿದು ಬಂದಳು. ಮಗಳು ತನ್ನ ಹೆಸರು ತಾನೇ ಬರೆದು ಕೊಟ್ಟಿದ್ದ ಹಾಳೆ.

"ಇದನ್ನ ಹಿಂಗ ಹಾಕ್ರಿ ಅಕ್ಕಾರ" ಅಂದಳು.

ನೋಡಿದರೆ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ತಾಯಿಗೆ ಓದಲು ಬರುವುದಿಲ್ಲ. ನಾನು ಸುಮ್ಮನೆ ಹಾಕಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಆದರೆ ಟ್ಯಾಟೂವನ್ನು ರಬ್ಬರಿನಲ್ಲಿ ಅಳಿಸಲಾಗುತ್ತಾ? ಅಕ್ಷರದ ಕೆಳಗೆ ಒಂದು ಒತ್ತು ಬಿಟ್ಟಿದೆ ಅಂತ ಬೆರಳಿಟ್ಟು ತೋರಿಸಿದೆ. ಅವಳು ಹಾಳೆಯ ಮಡಿಕೆಗಳನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು.

"ತಿದ್ದಬ್ಯಾಡ್ರಿ. ಆಕಿ ಬರದಂಗ ಹಾಕ್ರಿ. ಕೆಳಗ ಒತ್ತಿಗೆ ಜಾಗ ಬಿಡ್ರಿ. ದೊಡ್ಡಾಕಿ ಆದ ಮ್ಯಾಲೆ ಆಕೀನ ಬಂದು ಹಾಕಸ್ತಾಳ."

ಹಾಗೇ ಜಾಗ ಬಿಟ್ಟು ಶುರು ಮಾಡಿದೆ. "ಜೇನುಹುಳ ಕಚ್ಚಿದ ಹಾಗೆ ಉರಿಯುತ್ತೆ, ತಡೆಯೋಕಾಗದಿದ್ರೆ ಹೇಳಮ್ಮ" ಅಂದೆ. ತಲೆ ಎತ್ತಿ ನೋಡಿದರೆ ನಿದ್ದೆ ಹೋಗಿದ್ದಾಳೆ. ಆರು ದಿನ ಸಿಮೆಂಟು ಹೊತ್ತ ಮೈ, ಮೆತ್ತನೆ ಕುರ್ಚಿ, ಮೇಲೆ ಫ್ಯಾನು. ಸೂಜಿ ಓಡುತ್ತಲೇ ಇತ್ತು, ಅವಳು ಸಣ್ಣಗೆ ಗೊರಕೆ ಹೊಡೆಯುತ್ತಲೇ ಇದ್ದಳು.

ಆ ಹೊತ್ತಿಗೆ ಮುಂದಿನ ಗಿರಾಕಿ ಬಾಗಿಲಲ್ಲಿ ಬಂದು ನಿಂತ. ಮಹದೇವಪುರದ ಟೆಕ್ ಪಾರ್ಕಿನಲ್ಲಿ ಕೆಲಸ, ಹೆಬ್ಬೆರಳಿನ ಹತ್ತಿರ ಒಂದು ಚಿಕ್ಕ ನಕ್ಷತ್ರ ಬೇಕಿತ್ತು. ವಾರದಿಂದ ದಿನಕ್ಕೆರಡು ಸಲ ಮೆಸೇಜ್ ಮಾಡಿ, ನೋವಾಗುತ್ತಾ, ಎಷ್ಟು ನೋವಾಗುತ್ತೆ ಅಂತ ಕೇಳುತ್ತಿದ್ದವನು. ಅವಳ ಕೈಯ ಮೇಲಿನ ಸೂಜಿ ನೋಡಿದ, ಮುಖ ನೋಡಿದ, ಗೊರಕೆ ಕೇಳಿಸಿಕೊಂಡ. ನನ್ನ ಹತ್ತಿರ ಬಂದು ಪಿಸುಗುಟ್ಟಿದ:

"ಮೇಡಂ, ಅವರಿಗೆ ಯಾವ ಇಂಜೆಕ್ಷನ್ ಕೊಟ್ಟಿದ್ದೀರೋ, ನನಗೂ ಅದನ್ನೇ ಕೊಡಿ."

ಹೆಸರು

ನಮ್ಮ ಕಟ್ಟಡದ ಹಿಂದಿನ ಮನೆಯಲ್ಲೇ ಇರುವ ಓನರ್ ಅಜ್ಜನಿಗೆ ಎಪ್ಪತ್ತು ದಾಟಿದೆ. ಈ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವರು. ಒಂದು ಮಧ್ಯಾಹ್ನ ಮೇಲೆ ಬಂದು, ಬಾಗಿಲು ಹಾಕಿಕೊಂಡು, ತೋಳು ಮುಂದೆ ಮಾಡಿದರು.

"ಅಚ್ಚೆ ಆಕವ್ವ. ಅವಳ ಎಸ್ರು."

"ಯಾರ ಹೆಸರು ಅಜ್ಜ?"

"ಅವಳ್ದೇ."

"ಅಜ್ಜಿ ಹೆಸರೇನು?"

ಅಜ್ಜ ಫ್ಯಾನ್ ನೋಡಿದರು. ಆಮೇಲೆ ನಿಧಾನವಾಗಿ ವಿಷಯ ಹೊರಗೆ ಬಂತು. ಹೋದ ತಿಂಗಳು ಅಜ್ಜಿಗೆ ಎದೆನೋವು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನರ್ಸು ಪೇಷೆಂಟ್ ಹೆಸರು ಕೇಳಿದಳಂತೆ. ಐವತ್ತು ವರ್ಷ "ಲೇ", "ಇವಳೇ" ಅಂತ ಕೂಗಿದ ಬಾಯಿಗೆ ಹೆಸರು ಬರಲೇ ಇಲ್ಲ. ನಾಚಿಕೆಯೋ ಗಾಬರಿಯೋ, ಅವರಿಗೇ ಗೊತ್ತಿಲ್ಲ. ಕೊನೆಗೆ ಸೊಸೆ ಓಡಿ ಬಂದು ಹೇಳಿದಳು.

"ಅವ್ಳು ಅಲ್ಲಿ ನರಳ್ತಾವ್ಳೆ, ನಾನು ಎಸ್ರು ಏಳಾಕಾಗ್ದೆ ನಿಂತಿವ್ನಿ. ಇನ್ಮ್ಯಾಕೆ ಯಾರಾನ ಕೇಳಿದ್ರೆ ಕೈ ತೋರಿಸ್ಬುಡ್ತೀನಿ."

ಆಸ್ಪತ್ರೆಯ ಚೀಟಿ ಅಜ್ಜನ ಜೇಬಿನಲ್ಲೇ ಇತ್ತು. ಅದರಿಂದ ಹೆಸರು ನೋಡಿಕೊಂಡೆ. ವಯಸ್ಸಾದ ಚರ್ಮ, ತೆಳ್ಳಗೆ. ಬಿಪಿ, ಸಕ್ಕರೆ ಕೇಳಿ, ಡಾಕ್ಟರ ಒಪ್ಪಿಗೆ ತರಿಸಿ, ಮಾರನೇ ದಿನ ಹಗೂರಕ್ಕೆ ಹಾಕಿದೆ. ಅಜ್ಜ ಹಲ್ಲು ಕಚ್ಚಿಕೊಂಡು ಕೂತರು. "ಅವ್ಳಿಗೆ ಏಳ್ಬ್ಯಾಡ" ಅಂತ ತುಂಬುತೋಳಿನ ಅಂಗಿ ಹಾಕಿಕೊಂಡು ಇಳಿದು ಹೋದರು.

ಬನಿಯನ್ನಿನಲ್ಲೇ ತಿರುಗಾಡುವ ಗಂಡ ಬಿರುಬೇಸಿಗೆಯಲ್ಲಿ ತುಂಬುತೋಳು ಹಾಕಿದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಮುಂದಿನ ವಾರ ಅಜ್ಜಿ ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅಂಗಡಿ ಖಾಲಿ ಮಾಡು ಅನ್ನಲು ಬಂದಿದ್ದಾರೆ ಅಂತಲೇ ನಾನು ಎದ್ದು ನಿಂತೆ. ಅವರು ಸೀದಾ ಬಂದು ಕುರ್ಚಿಯಲ್ಲಿ ಕೂತು ಕೈ ಚಾಚಿದರು.

"ನಂಗೂ ಆಕು. ಅವ್ರ ಎಸ್ರು."

ಅಜ್ಜನ ಹೆಸರು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರ ಬಾಯಲ್ಲಿ ಕೇಳೋಣ ಅಂತ, "ಹೇಳಿ ಅಜ್ಜಿ, ಏನಂತ ಬರೀಲಿ?" ಅಂದೆ.

ಅಜ್ಜಿಯೂ ಫ್ಯಾನ್ ನೋಡಿದರು. "ಮನೆ ಗೇಟಿನ ಕಲ್ಲಮ್ಯಾಲೆ ಬರ್ದೈತಲ್ಲ. ಓಗಿ ನೋಡ್ಕೊಂಡ್ ಬಾ."

ಇಳಿದು ಹೋಗಿ, ನೋಡಿದವಳ ಹಾಗೆ ಮಾಡಿ, ಮತ್ತೆ ಹತ್ತಿ ಬಂದೆ. ಡಾಕ್ಟರ ಒಪ್ಪಿಗೆ ಚೀಟಿ ಅಜ್ಜಿ ತಾವೇ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದರು. ಅಚ್ಚು ಬರೆದು ತೋರಿಸಿದೆ. ಅಜ್ಜಿಗೆ ಅಲ್ಪಸ್ವಲ್ಪ ಓದಲು ಬರುತ್ತದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಕೊನೆಗೆ ಬಂದು ನಿಲ್ಲಿಸಿದರು.

"ಮುಂದಿಂದು ಎಲ್ಲೋಯ್ತು? ನಿಲಯ?"

"ಅಜ್ಜಿ, ನಿಲಯ ಅಂದ್ರೆ ಮನೆ. ಅದು ಅಜ್ಜನ ಹೆಸರಲ್ಲಿ ಬರಲ್ಲ."

"ಅವ್ರೆಸ್ರಲ್ಲಿ ಬರಲ್ಲ ಅಂತ ನಂಗೂ ಗೊತ್ತು ಕಣವ್ವ. ಅದ್ಕೇ ನನ್ನ ಕೈಮ್ಯಾಲೆ ಆಕು ಅಂದಿದ್ದು. ಮನೆ ರಿಜಿಸ್ಟ್ರಾಗಿರಾದು ನನ್ನೆಸ್ರಿಗೆ."