ಒಂದು ಸಲಕ್ಕೆ ಒಂದೇ ಕೆಲಸ

ನಮ್ಮ ದೊಡ್ಡಪ್ಪ ಈಗ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾರೆ ಎಂದರೆ ಭದ್ರಾವತಿಯಲ್ಲಿ ಯಾರೂ ನಂಬುವುದಿಲ್ಲ! ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಫೋರ್‌ಮನ್ ಆಗಿದ್ದಾಗ ಒಂದೇ ಉಸಿರಿಗೆ ಇಪ್ಪತ್ತು ಕೆಲಸ ಹೇಳಿ, ಹೇಳದೇ ಇದ್ದ ಇಪ್ಪತ್ತೊಂದನೆಯದು ಯಾಕೆ ಆಗಿಲ್ಲ ಎಂದು ಬೈಯುತ್ತಿದ್ದ ಮನುಷ್ಯ. ಆ ಬೈಗುಳವನ್ನು ಕೆಮ್ಮಿನ ಸಮೇತ ಅನುಕರಿಸಿಯೇ ನಾನು ನೆಂಟರ ಮದುವೆಗಳಲ್ಲಿ ಎರಡನೇ ಹೋಳಿಗೆ ಗಿಟ್ಟಿಸುತ್ತಿದ್ದೆ. ನನಗೆ ಬೇರೆ ವಿದ್ಯೆ ಎಲ್ಲಿದೆ?

ಬದಲಾವಣೆಗೆ ಕಾರಣ ಮೊಮ್ಮಗಳು ನಿಧಿ. ಮೂರನೇ ಕ್ಲಾಸು. ಅವಳಮ್ಮ ಶಿವಮೊಗ್ಗದಲ್ಲಿ ನರ್ಸ್, ಪಾಳಿ ಕೆಲಸ; ಹಾಗಾಗಿ ಮಗು ಅಜ್ಜನ ಮನೆಯಲ್ಲಿ. ಕೂತಲ್ಲಿ ಕೂರುವುದಿಲ್ಲ, ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಕಿಟಕಿಗೆ ಹೋಗುತ್ತಾಳೆ. ಶಿವಮೊಗ್ಗದ ಡಾಕ್ಟರಮ್ಮ ಎಡಿಎಚ್‌ಡಿ ಎಂದರು. ಶಾಲೆಯವರು, ವರ್ಷದ ಕೊನೆಯೊಳಗೆ ಸುಧಾರಿಸದಿದ್ದರೆ ಟಿಸಿ ತೆಗೆದುಕೊಳ್ಳಿ ಎಂದರು.

"ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ದೊಡ್ಡ ಕೆಲಸನ ಚಿಕ್ಕ ಚಿಕ್ಕ ತುಂಡು ಮಾಡಿ. ಮಾಡಿದ ಕೂಡ್ಲೇ, ಏನು ಚೆನ್ನಾಗಿ ಮಾಡಿದ್ಲು ಅಂತ ಹೇಳಿ ಮೆಚ್ಕೊಳ್ಳಿ" ಎಂದು ಡಾಕ್ಟರಮ್ಮ ಹೇಳಿದ್ದನ್ನು ದೊಡ್ಡಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅಲ್ಲಿಗೆ ನಮ್ಮೆಲ್ಲರ ಗ್ರಹಚಾರ ಶುರು!

ನಿಧಿಗಷ್ಟೇ ಆಗಿದ್ದರೆ ಸರಿ. "ಅಭ್ಯಾಸ ತಪ್ಪಬಾರ್ದು ಕಣೋ" ಎಂದು ಊರಿಗೆಲ್ಲ ಅದೇ ಚಿಕಿತ್ಸೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ಆಟೋ ಹತ್ತಿ, "ಸ್ಟಾರ್ಟ್ ಮಾಡಪ್ಪ" ಎಂದರು.

"ಎಲ್ಲಿಗೆ ಸಾರ್?"

"ಮೊದ್ಲು ಸ್ಟಾರ್ಟ್ ಮಾಡು."

ಮಾಡಿದ.

"ಶಭಾಷ್! ಒಂದೇ ಏಟಿಗೆ ಸ್ಟಾರ್ಟ್ ಮಾಡ್ದೆ ನೋಡು!"

ಆಟೋದವನು ನನ್ನತ್ತ ತಿರುಗಿ ಮೆಲ್ಲಗೆ ಕೇಳಿದ: "ಇವ್ರನ್ನ ಯಾವ ಆಸ್ಪತ್ರೆಗೆ ಬಿಡ್ಬೇಕಣ್ಣ?"

ಆಮೇಲೆ ಬಚ್ಚಲಮನೆಯ ಬಾಗಿಲಿಗೆ ಪಟ್ಟಿ ಬಂತು. ಬಾಗಿಲು ಹಾಕು. ನಲ್ಲಿ ತಿರುಗಿಸು. ಸೋಪು ಹಚ್ಚು. ಹೀಗೇ ಬಟ್ಟೆ ಹಾಕಿಕೊಳ್ಳುವ ತನಕ, ಫೌಂಡ್ರಿಯ ಶೈಲಿಯಲ್ಲಿ. ನಿಧಿ ಒಂದಕ್ಷರ ತಪ್ಪದೆ ಪಾಲಿಸಿ ಹೊರಬಂದಳು. ಸ್ವಲ್ಪ ಹೊತ್ತಿನಲ್ಲಿ ಮಹಡಿಯ ಟ್ಯಾಂಕು ಪೂರ್ತಿ ಖಾಲಿ! ದೊಡ್ಡಮ್ಮ ಕೂಗಾಡಿದರು.

"ನಲ್ಲಿ ನಿಲ್ಸು ಅಂತ ಪಟ್ಟೀಲಿ ಇರ್ಲಿಲ್ಲ" ಎಂದಳು ನಿಧಿ, ಅಳುಮುಖ ಮಾಡಿಕೊಂಡು.

ದೊಡ್ಡಪ್ಪ ಪಟ್ಟಿಯನ್ನು ಎರಡು ಸಲ ಓದಿದರು. "ಮಗು ಹೇಳೋದು ಸರಿ ಮಾರಾಯ್ತಿ. ತಪ್ಪು ಪಟ್ಟೀದು" ಎಂದು ಪೆನ್ನು ಕೇಳಿದರು. ನನ್ನ ತಿಳಿವಳಿಕೆಯಲ್ಲಿ ಅವರು ಒಪ್ಪಿಕೊಂಡ ಮೊದಲ ತಪ್ಪು ಅದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನೆಂಟರೊಬ್ಬರ ನಾಮಕರಣದಲ್ಲಿ ನಿಧಿ ಊಟಕ್ಕೆ ಕೂರುವುದನ್ನು ಅನುಕರಿಸಿದೆ: ಕೂತು, ಎದ್ದು, ಎಲೆ ತಿರುಗಿಸಿ, ಮತ್ತೆ ಎದ್ದು. ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ನಿಧಿಯೂ ನಕ್ಕಳು. ಆಮೇಲೆ ಊಟ ಮುಗಿಯುವ ತನಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಏನೂ ತಿನ್ನಲಿಲ್ಲ.

ದೊಡ್ಡಪ್ಪ ನನ್ನ ಹತ್ತಿರ ಬಂದರು. "ಎದ್ದೇಳು." ಎದ್ದೆ. "ಹೊರಗೆ ಹೋಗು." ಹೋದೆ. ಮೂರನೆಯ ಮಾತಿಗಾಗಿ ಬಾಗಿಲಲ್ಲಿ ಬಹಳ ಹೊತ್ತು ಕಾದೆ. ಬರಲಿಲ್ಲ.

ಮಾರ್ಚಿನಲ್ಲಿ ಶಾಲೆಯಿಂದ ಕರೆ ಬಂತು. ದೊಡ್ಡಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿ, ನೋಟ್‌ಬುಕ್ ಹಿಡಿದು ಹೊರಟರು. ಸ್ಕೂಟರ್ ಓಡಿಸಲು ನಾನು. ಹೆಡ್‌ಮಿಸ್ಟ್ರೆಸ್ ಆಫೀಸಿನಲ್ಲಿ ದೊಡ್ಡಪ್ಪ ಕೂರಲೇ ಇಲ್ಲ.

"ಜೂನಲ್ಲಿ ಒಂದು ಸಾಲು ಬರೀತಿದ್ಲು ಮೇಡಂ. ಈಗ ಅರ್ಧ ಪುಟ. ಹತ್ತು ನಿಮಿಷ ಕೂರ್ತಾಳೆ, ಒಂದು ಸುತ್ತು ಹಾಕಿ ಮತ್ತೆ ಬಂದು ಕೂರ್ತಾಳೆ. ದಿನಾ ಬರ್ದಿಟ್ಟಿದೀನಿ, ನೋಡಿ."

"ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಾರೆ ಸಾರ್" ಎಂದ ಮೇಡಂ ನೋಟ್‌ಬುಕ್ ತೆರೆಯಲಿಲ್ಲ. ಅದರ ಮೇಲೇ ಟಿಸಿ ಇಟ್ಟು ಮುಂದಕ್ಕೆ ತಳ್ಳಿದರು.

ಕ್ಲಾಸಿನಿಂದ ಕರೆದುಕೊಂಡು ಬಂದ ನಿಧಿ ಗೇಟಿನ ಹೊರಗೆ ನಮ್ಮಿಬ್ಬರ ಮುಖ ನೋಡುತ್ತ ನಿಂತಳು.

"ಬ್ಯಾಗ್ ಹಾಕ್ಕೋ" ಎಂದರು ದೊಡ್ಡಪ್ಪ.

ಹಾಕಿಕೊಂಡಳು. "ಮುಂದೆ ಏನಜ್ಜ?"

ದೊಡ್ಡಪ್ಪ ಬಾಯಿ ತೆರೆದರು. ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಅಜ್ಜ, ಮುಂದೆ?"

ನನ್ನ ಗಂಟಲಲ್ಲಿ ಊರಿನವರೆಲ್ಲರ ದನಿಯಿದೆ. ಆ ಹೊತ್ತಿಗೆ ಒಂದೂ ಒದಗಲಿಲ್ಲ. "ಅಜ್ಜನ ಕೈ ಹಿಡ್ಕೋ" ಎಂದಿದ್ದು ನನ್ನದೇ ದನಿ.

ಹಿಡಿದುಕೊಂಡಳು. ದೊಡ್ಡಪ್ಪ ಬಿಡು ಎನ್ನಲಿಲ್ಲ. ಅವಳೂ ಬಿಡಲಿಲ್ಲ.