ಕಮರದ ಬೊಡ್ಡೆಯ ಅಚ್ಚು

ಕಾಂತೇಶ ಮಾಸ್ತರಿಗೆ ಮೊಬೈಲಿನಲ್ಲಿ ಆ ವಿಡಿಯೊ ಕಳಿಸಿದವರಿಗೆ ಒಳ್ಳೆಯದಾಗಲಿ ಎಂದು ಬಾಯಲ್ಲಿ ಹೇಳಬಹುದು, ಮನಸ್ಸು ಒಪ್ಪುವುದಿಲ್ಲ. ಯಾವುದೋ ದೇಶದ ಮನುಷ್ಯ ಕಾಡಿನಲ್ಲಿ ಕಡಿದ ಮರದ ಬೊಡ್ಡೆಯನ್ನು ನುಣ್ಣಗೆ ಉಜ್ಜುತ್ತಾನೆ, ಮೇಲ್ಮೈಯನ್ನು ಬೆಂಕಿಯಿಂದ ಹದವಾಗಿ ಸುಡುತ್ತಾನೆ, ಮಸಿ ಬಳಿದು ಕಾಗದ ಹಾಸಿ ಚಮಚದಿಂದ ತಿಕ್ಕುತ್ತಾನೆ. ಕಾಗದ ಎತ್ತಿದರೆ ಮರದೊಳಗಿನ ಉಂಗುರಗಳೆಲ್ಲ ಚಿತ್ರವಾಗಿ ಮೂಡಿರುತ್ತವೆ. ವಿಡಿಯೊ ಮುಗಿಯುವಷ್ಟರಲ್ಲಿ ಮಾಸ್ತರು ಕಲಾವಿದರಾಗಿಬಿಟ್ಟಿದ್ದರು.

ಮಕ್ತಲ್ ಶಾಲೆಯ ಡ್ರಾಯಿಂಗ್ ಮಾಸ್ತರಾಗಿ ಅವರು ಇಷ್ಟು ವರ್ಷ ಬರೆದದ್ದು ಶಾಲೆಯ ಗೋಡೆಗೆ ಸುವಿಚಾರ, ಮದುವೆ ಮಂಟಪಕ್ಕೆ ಮದುಮಕ್ಕಳ ಹೆಸರು, ಬೋರ್ಡಿಗೆ ಬಾಣದ ಗುರುತು. ಊರೆಲ್ಲ ಅವರ ಕೈಬರಹ, ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಈ ಕೊರಗು ಅವರನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ. ಈಗ ಗದ್ವಾಲಿನಲ್ಲಿ ಸುತ್ತಲಿನ ಕಲಾವಿದರ ಪ್ರದರ್ಶನ, ಆದಿತ್ಯವಾರ ಸಂಜೆ ನಾಲ್ಕರೊಳಗೆ ಚಿತ್ರ ತಲುಪಬೇಕು. ತನ್ನ ಹೆಸರಿನ ಚಿತ್ರವೊಂದು ಗೋಡೆಯ ಮೇಲೆ ಒಂದು ದಿನ ತೂಗಿದರೆ ಜನ್ಮ ಸಾರ್ಥಕ ಎಂದುಕೊಂಡರು.

ಆದಿತ್ಯವಾರ ಬೆಳಗ್ಗೆಯೇ ಮರಳು ಕಾಗದ, ಬೆಂಕಿ ಉಗುಳುವ ಗ್ಯಾಸ್ ಬತ್ತಿ, ಮಸಿಯ ಡಬ್ಬಿ, ದೊಡ್ಡ ಹಾಳೆ ಮೂರು ಗಾಡಿಗೆ ಕಟ್ಟಿದರು. ಮರ ಕಡಿಯುವವರನ್ನು ಕಂಡಿದ್ದೇನೆ, ಮರಕ್ಕೆ ಮಸಿ ಬಳಿಯಲು ರಜೆ ಹಾಳು ಮಾಡುವವರನ್ನು ಇವತ್ತೇ ಕಂಡೆ ಎಂದು ಹೆಂಡತಿ ಪದ್ಮಶ್ರೀ ಹೇಳಿದ್ದು ಗಾಡಿಯ ಸದ್ದಿನಲ್ಲಿ ಕೇಳಲಿಲ್ಲ.

ನಾರಾಯಣಪೇಟೆಯ ಆಚೆ ಗುಡ್ಡದ ಕಾಡಿನಲ್ಲಿ ಒಳ್ಳೆಯ ಕಮರ ಮರದ ಬೊಡ್ಡೆಯೊಂದು ಸಿಕ್ಕಿತು. ಆಳುದ್ದದ ಗರಗಸದಿಂದ ಯಾರೋ ಕಳ್ಳರು ಈಚೆಗೆ ಕೊಯ್ದುಕೊಂಡು ಹೋಗಿದ್ದರು. ಮಾಸ್ತರು ಉಜ್ಜಿದರು, ಸುಟ್ಟರು, ಕೆಮ್ಮಿದರು. ಹೊಗೆ ಕಂಡು ಆಡು ಮೇಯಿಸುತ್ತಿದ್ದ ಎಂಕಪ್ಪ ಓಡಿಬಂದ. ಏನು ಕೆಲಸ ಎಂದು ಕೇಳಿದರೆ ಮಾಸ್ತರು ತಲೆ ಎತ್ತದೆ, ನಾಲ್ಕರೊಳಗೆ ಗದ್ವಾಲಿಗೆ ಒಪ್ಪಿಸಬೇಕು, ಮಾತಾಡಿಸಬೇಡ ಎಂದರು. ಪ್ಯಾಂಟು, ಕನ್ನಡಕ, ಸಿಡುಕು. ಸರಕಾರದವರು ಎನ್ನಲು ಎಂಕಪ್ಪನಿಗೆ ಬೇರೆ ಲಕ್ಷಣ ಬೇಕೇ?

"ಈ ಮರ ಕಡದಾವ್ರು ನಾವಲ್ರಿ ಸಾರ್" ಎಂದ ಎಂಕಪ್ಪ.

"ಯಾರರ ಕಡೀಲಿ, ನನಗ ಬೊಡ್ಡಿ ಸಾಕು" ಎಂದರು ಮಾಸ್ತರು. ಕೇಸು ಹಾಕಲು ಬೊಡ್ಡೆಯೇ ಸಾಕು ಎಂದು ಎಂಕಪ್ಪ ತಿಳಿದ. ಅವನು ಸೀದಾ ಹಟ್ಟಿಯ ಕಡೆ ನಡೆದ.

ಮೊದಲ ಹಾಳೆಯನ್ನು ಗಾಳಿ ಜಾಲಿಯ ಮುಳ್ಳಿಗೆ ಸಿಕ್ಕಿಸಿತು. ಎರಡನೆಯದರ ಮೂಲೆಯನ್ನು ಎಂಕಪ್ಪನ ಆಡು ನಿಶ್ಚಿಂತೆಯಿಂದ ತಿಂದಿತು. ಕೊನೆಯ ಹಾಳೆಯನ್ನು ಮಾಸ್ತರು ಉಸಿರು ಬಿಗಿಹಿಡಿದು ತಿಕ್ಕಿ ಎತ್ತಿದರು. ಕಮರ ತನ್ನ ಬಾಳನ್ನೆಲ್ಲ ಬಿಚ್ಚಿಟ್ಟಿತ್ತು. ಮಳೆ ಚೆನ್ನಾಗಿ ಬಂದ ವರ್ಷಗಳ ಅಗಲ ಉಂಗುರ, ಬಾರದ ವರ್ಷಗಳ ಕೂದಲೆಳೆಯಂಥ ಉಂಗುರ. ಮಾಸ್ತರ ಕಣ್ಣು ತುಂಬಿತು. ಹಾಳೆಯನ್ನು ಬಂಡೆಯ ಮೇಲೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಕೈ ತೊಳೆಯಲು ಹಳ್ಳಕ್ಕೆ ಇಳಿದರು.

ತಿರುಗಿ ಬರುವಷ್ಟರಲ್ಲಿ ಹಟ್ಟಿಯೇ ಬಂಡೆಯ ಸುತ್ತ ನಿಂತಿತ್ತು. ಎಲ್ಲರ ಎಡಗೈ ಹೆಬ್ಬೆರಳೂ ಕಪ್ಪು. ಚಿತ್ರದ ಕೆಳಗೆ, ಸಾಲು ತಪ್ಪದಂತೆ, ಹೆಬ್ಬೆಟ್ಟಿನ ಗುರುತುಗಳು. ಮಾಸ್ತರು ತಲೆಯ ಮೇಲೆ ಕೈ ಹೊತ್ತರು.

ಎಲ್ಲರಿಗಿಂತ ಹಿರಿಯಳಾದ ಅಮರಮ್ಮ ಸಮಾಧಾನ ಹೇಳಿದಳು: "ಸಾಕ್ಷಿ ಇಲ್ದ ಪಂಚನಾಮಿ ನಡ್ಯಾಂಗಿಲ್ರಿ ಸಾರ್. ನಮ್ಮ ಮಾವನ ಕಾಲದಾಗ ಹಿಂಗ ಒಬ್ಬಾಂವ ಬರಕೊಂಡು ಹೋದ, ಆಮ್ಯಾಗ ನಮ್ಮನ್ನ ಕಳ್ಳರು ಮಾಡಿದ್ರು. ಅದಕ್ಕ ಈ ಸಲ ನಾವ ಮದ್ಲು ಒತ್ತೀವಿ. ಬಲಕ್ಕ ನಿಮ್ಮ ರುಜುಕ್ಕ ಜಾಗ ಬಿಟ್ಟೀವಿ ನೋಡ್ರಿ."

ಅಷ್ಟು ಹೇಳಿದ ಮುದುಕಿಯನ್ನು ಬಯ್ಯುವುದು ಹೇಗೆ? ಬೇರೆ ಹಾಳೆಯೂ ಇಲ್ಲ, ಹೊತ್ತೂ ಇಲ್ಲ. ಮಾಸ್ತರು ಬಿಟ್ಟ ಜಾಗದಲ್ಲಿ ತಮ್ಮ ಪೂರ್ತಿ ಹೆಸರು ಬರೆದು, ತಾರೀಕು ಹಾಕಿ, ಕೃಷ್ಣೆ ದಾಟಿ ಗದ್ವಾಲಿಗೆ ಗಾಡಿ ಓಡಿಸಿದರು. ದಾರಿಯುದ್ದಕ್ಕೂ ಕೆಟ್ಟೆನಲ್ಲ ಎಂದು ಹಲುಬಿದರು.

ಕೆಟ್ಟಿರಲಿಲ್ಲ. ಚಿತ್ರ ಬಿಚ್ಚಿದ ಕೂಡಲೇ ಪ್ರದರ್ಶನದ ವ್ಯವಸ್ಥಾಪಕರು ಸುತ್ತ ನೆರೆದರು. ಕಾಡಿನ ಗುರುತಿನ ಕೆಳಗೆ ಕಾಡಿನವರ ಗುರುತು, ಎಂಥ ಕಲ್ಪನೆ ಎಂದು ಒಬ್ಬರು ಮಾಸ್ತರ ಕೈ ಹಿಡಿದರು. ತಮಗೆ ಹಾಗೇ ಹೊಳೆಯಿತು ಎಂದರು ಮಾಸ್ತರು. ಚಿತ್ರ ನಡುಗೋಡೆಗೇ ಏರಿತು. ಅಂದೇ ಸಂಜೆ ಪ್ರದರ್ಶನಕ್ಕೆ ಬಂದವರೆಲ್ಲ ಮಿಕ್ಕ ಚಿತ್ರ ಬಿಟ್ಟು ಅದರ ಮುಂದೆ ನಿಂತರು. ಮಾಸ್ತರಿಗೆ ನೆಲದ ಮೇಲೆ ಕಾಲು ನಿಲ್ಲದಂತಾಯಿತು.

ಮುಖ್ಯ ಅತಿಥಿ ಭೀಮಶಂಕರ್ ಎಂಬವರು ಬಹಳ ಹೊತ್ತು ನೋಡಿದರು. ಯಾವ ಮರ, ಯಾವ ಗುಡ್ಡ, ಹೇಗೆ ಮಾಡಿದಿರಿ ಎಂದು ಆಸಕ್ತಿಯಿಂದ ಕೇಳಿದರು. ಇಂಥ ರಸಿಕರು ಸಿಗುವುದು ಅಪರೂಪ ಎಂದು ಮಾಸ್ತರು ಉಜ್ಜಿದ್ದು, ಬತ್ತಿ ಹೊತ್ತಿಸಿದ್ದು, ಉರಿ ಎದ್ದಾಗ ಮಣ್ಣು ಹಾಕಿದ್ದು ಎಲ್ಲವನ್ನೂ ಕೈಯಾಡಿಸಿ ಬಣ್ಣಿಸಿದರು. ಆಮೇಲೆ ತಾವು ಏನು ಕೆಲಸದಲ್ಲಿದ್ದೀರಿ ಎಂದು ಅತಿಥಿಯನ್ನು ಕೇಳಿದರು.

"ಆ ಕಾಡಿನ ರೇಂಜರ್ ನಾನ" ಎಂದರು ಭೀಮಶಂಕರ್. "ಮರ ಕಡದ ಕಳ್ಳನ್ನ ಹುಡುಕಿ ಹುಡುಕಿ ಸಾಕಾಗಿತ್ರಿ. ಅಂವ ಸಿಗಲಿಲ್ಲ. ಪರವಾನಗಿ ಇಲ್ದ ಒಳಗ ಹೊಕ್ಕು ಬೆಂಕಿ ಹಚ್ಚಿದಾವ್ರು ನೀವರ ಸಿಕ್ರಿ. ಬೊಡ್ಡಿ ಐತಿ, ಊರವರ ಸಾಕ್ಷಿ ಐತಿ, ಕೆಳಗ ನಿಮ್ಮ ರುಜು, ತಾರೀಕು ಐತಿ. ನನ್ನ ನೌಕರಿಯಾಗ ಇಷ್ಟು ಚೊಕ್ಕ ಪಂಚನಾಮಿ ನೋಡಿಲ್ರಿ."

ಇದು ಕಲೆ ಎಂದು ಮಾಸ್ತರು ತೊದಲಿದರು. ರೇಂಜರ್ ಅದನ್ನು ಅಲ್ಲಗಳೆಯಲಿಲ್ಲ. ಖಾತ್ರಿಗೆಂದು ಗುಡ್ಡದ ಕಾವಲುಗಾರನಿಗೆ ಫೋನು ಹಚ್ಚಿ, ಹಟ್ಟಿಯವನೊಬ್ಬನನ್ನು ಕರೆಸಿ ಮಾತಾಡಿಸಿದರು. ಬಂದವನು ಎಂಕಪ್ಪ, ಅವನ ದನಿ ಎಲ್ಲರಿಗೂ ಕೇಳಿಸಿತು: "ಹೌದ್ರಿ, ಅವರ ರೀ. ಕನ್ನಡಕದ ಸಾರು. ನಮ್ಮ ಮ್ಯಾಲ ಅಪವಾದ ಬರದಂಗ ಮಾಡಿದ ದೇವರಂಥ ಮನಿಷ್ಯಾರು. ಯಾವಾಗ ಕರದ್ರೂ ಹಟ್ಟಿ ಮಂದಿಯೆಲ್ಲ ಬಂದು ಸಾಕ್ಷಿ ಹೇಳ್ತೀವ್ರಿ."

ಚಿತ್ರವನ್ನು ಗೋಡೆಯಿಂದ ಇಳಿಸಿದರು. ಕೇಸು ಮುಗಿಯುವ ತನಕ ಆಫೀಸಿನಲ್ಲಿ ಜೋಪಾನವಾಗಿರುತ್ತದೆ ಎಂದು ರೇಂಜರ್ ಭರವಸೆ ಕೊಟ್ಟರು. ಬಾಗಿಲ ತನಕ ಅವರ ಹಿಂದೆಯೇ ಹೋದ ಮಾಸ್ತರು, ದಯಮಾಡಿ ಸುತ್ತಿ ಬೀರುವಿನಲ್ಲಿ ಇಡಬೇಡಿ, ಜನ ಓಡಾಡುವ ಗೋಡೆಗೆ ತೂಗುಹಾಕಿ ಎಂದು ಕೈಮುಗಿದು ಕೇಳಿಕೊಂಡರು.